ಹೋರಿ ಎಷ್ಟು ಕೆಜಿ ಬರುತ್ತೆ ಮೇಷ್ಟ್ರೇ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಆಮೇಲೆ ಮನೆಗೆ ಸುಣ್ಣಬಣ್ಣ ಅಂತ ಒಂದಲ್ಲ ಒಂದು ನೆಪ. ಇವತ್ತು ಬರೆಯಲೇಬೇಕು ಅಂತ ಕೂತಿದ್ದೇನೆ, ಯಾಕಂದ್ರೆ ಸಿಟ್ಟು ಬಂದಿದೆ. ಸಿಟ್ಟು ಇಳಿದ ಮೇಲೆ ಬರೆದರೆ ನಾನು ತುಂಬಾ ಸಭ್ಯನಾಗಿಬಿಡ್ತೀನಿ, ಆಗ ಹೇಳಬೇಕಾದ್ದು ಹೇಳೋಕಾಗಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಮಾತ್ರ ಕಮ್ಮಾರ, ಅದೂ ಅರೆಬರೆ. ಸಂತೆ ಮಾಳದ ಹಿಂದೆ ಒಬ್ಬರು ಆಚಾರ್ರ ಕುಲುಮೆ ಇದೆ. ಎಪ್ಪತ್ತು ದಾಟಿದವರು. ಅವರ ಹತ್ತಿರ ಇಕ್ಕಳ ಹಿಡಿಯೋದು, ಸುತ್ತಿಗೆ ಬೀಸೋದು ಕಲಿತೆ. ಗುಜರಿ ಅಂಗಡಿಯಿಂದ ಚೈನು, ಬೇರಿಂಗು, ಗಿಯರ್ರು, ಮುರಿದ ಗುಳ ಎಲ್ಲ ಆರಿಸಿ ತಂದು ಪ್ರಾಣಿಗಳನ್ನು ಮಾಡ್ತೀನಿ. ಹುಂಜ, ಉಡ, ನಾಯಿ, ಒಂದು ಕುಂಟ ನವಿಲು (ಕುಂಟಿದ್ದು ಶಿಲ್ಪದ ಉದ್ದೇಶ ಅಲ್ಲ, ನನ್ನ ಲೆಕ್ಕ ತಪ್ಪಿದ್ದು). ಈಚೆಗೆ ಮಾಡಿದ್ದು ಒಂದು ಹಳ್ಳಿಕಾರ್ ಹೋರಿ.

ಕಳೆದ ಭಾನುವಾರ ಒಂದು ಸಂಸ್ಥೆಯಿಂದ ಇಬ್ಬರು ಹೋರಿ ನೋಡೋಕೆ ಬಂದರು. ಸುತ್ತ ತಿರುಗಿದರು, ಸೆಲ್ಫಿ ತೆಗೆದುಕೊಂಡರು, ಹಿಣಿಲು ತಟ್ಟಿ ನೋಡಿದರು. ಅವರಲ್ಲೊಬ್ಬರು ಕೇಳಿದರು, "ಎಷ್ಟು ಕೆಜಿ ಬರುತ್ತೆ ಮೇಷ್ಟ್ರೇ?"

ಸಾಗಿಸೋ ಗಾಡಿಗೋಸ್ಕರ ಕೇಳ್ತಿದಾರೆ ಅಂದುಕೊಂಡು "86" ಅಂದೆ. ಅವರು ಫೋನ್ ತೆಗೆದು ಗುಣಾಕಾರ ಹಾಕಿದರು. "ಗುಜರಿ ರೇಟು ಮೂವತ್ತು ನಡೀತಿದೆ. ನಿಮಗೆ ಡಬಲ್ ಹಾಕಿಕೊಡ್ತೀವಿ. 5,160 ಆಯ್ತು. ರೌಂಡಾಗಿ ಐದು ಸಾವಿರ ಮಾಡ್ಕೊಳ್ಳೋಣ." ಡಬಲ್ ಕೊಡೋ ಉದಾರಿಗಳು ರೌಂಡ್ ಮಾಡೋವಾಗ ಕೆಳಕ್ಕೇ ಮಾಡಿದ್ದು ನೋಡಿ! ಆಮೇಲೆ, "ನಮ್ಮ ಗೇಟಿನ ಪಕ್ಕ ಇಡ್ತೀವಿ ಸಾರ್, ಚೆನ್ನಾಗಿ ಬೋರ್ಡೂ ಹಾಕಿಸ್ತೀವಿ. ಕಸದಿಂದ ರಸ ಅಂತ."

ಆಚಾರ್ರು ಅಲ್ಲೇ ಬೀಡಿ ಸೇದ್ತಾ ಕೂತಿದ್ದರು. ಏನೂ ಮಾತಾಡಲಿಲ್ಲ.

ನನ್ನ ತಕರಾರು ಆ ಐದು ಸಾವಿರದ ಮೇಲೆ ಅಲ್ಲ. ಅಥವಾ ಅದರ ಮೇಲೆ ಮಾತ್ರ ಅಲ್ಲ. ತಕರಾರು ಇರೋದು ಬೋರ್ಡಿನ ಮೇಲೆ. ಆ ಬೋರ್ಡು ಇರೋದರಿಂದಲೇ ಆ ರೇಟು ಹುಟ್ಟುತ್ತೆ ಅಂತ ನನ್ನ ವಾದ. "ಕಸದಿಂದ" ಅಂದ ಕೂಡಲೇ ವಸ್ತುವಿಗೆ ಬೆಲೆ ಇಲ್ಲ ಅಂತಾಯ್ತು. ವಸ್ತುವಿಗೆ ಬೆಲೆ ಇಲ್ಲದ ಮೇಲೆ ಮಾಡಿದವನು ಪುಗಸಟ್ಟೆ ಸಿಕ್ಕಿದ್ದನ್ನು ಅಂಟಿಸಿದ ಅಂತಾಯ್ತು. ಅಂಟಿಸೋಕೆ ಯಾರಾದ್ರೂ ಕೂಲಿ ಕೇಳ್ತಾರಾ?

ಮೊದಲು ಕಬ್ಬಿಣದ ಗುಜರಿ ಕಸ ಹೌದಾ ಅನ್ನೋದನ್ನೇ ನೋಡೋಣ. ನಮ್ಮ ಬೀದಿಯಲ್ಲಿ "ಹಳೇ ಕಬ್ಬಿಣ, ಹಳೇ ಪಾತ್ರೆ" ಅಂತ ಕೂಗಿಕೊಂಡು ಬರುವವನು ಧರ್ಮಕ್ಕೆ ಬರ್ತಾನಾ? ತಕ್ಕಡಿ ಹಿಡಿದುಕೊಂಡು, ಜೇಬಲ್ಲಿ ದುಡ್ಡು ಇಟ್ಟುಕೊಂಡು ಬರ್ತಾನೆ. ಕಸಕ್ಕೆ ನಾವು ದುಡ್ಡು ಕೊಟ್ಟು ಎತ್ತಿಸ್ತೀವಿ, ಗುಜರಿಗೆ ಅವನು ನಮಗೇ ದುಡ್ಡು ಕೊಡ್ತಾನೆ. ಅವನಿಂದ ದೊಡ್ಡ ಅಂಗಡಿಗೆ, ಅಲ್ಲಿಂದ ಕರಗಿಸೋ ಫರ್ನೇಸಿಗೆ ಹೋಗಿ, ನಿಮ್ಮ ಮನೆ ತಾರಸಿಯ ಕಂಬಿಯಾಗಿ ವಾಪಸ್ ಬರುತ್ತೆ. ನಮ್ಮ ದೇಶಕ್ಕೆ ಇಲ್ಲಿನ ಗುಜರಿ ಸಾಲದೆ ಪ್ರತಿವರ್ಷ ಲಕ್ಷಾಂತರ ಟನ್ ಹೊರದೇಶಗಳಿಂದ ತರಿಸಿಕೊಳ್ಳುತ್ತೆ. 2019ರಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಗುಜರಿಗೆ ಅಂತಲೇ ಒಂದು ನೀತಿ ಹೊರಡಿಸಿತು. ಕಸವನ್ನು ಯಾರು ಸ್ವಾಮಿ ಹಡಗಲ್ಲಿ ತುಂಬಿಸಿ ತರಿಸಿಕೊಳ್ತಾರೆ?

ಇನ್ನೊಂದು ಲೆಕ್ಕ. ಇದು ನನ್ನ ಹೊಟ್ಟೆಗೇ ನಾನು ಗುದ್ದಿಕೊಳ್ಳೋ ಲೆಕ್ಕ. ಒಂದು ಟನ್ ಗುಜರಿಯನ್ನು ಕರಗಿಸಿ ಉಕ್ಕು ಮಾಡಿದರೆ ಸುಮಾರು 1.4 ಟನ್ ಅದಿರು, 740 ಕೆಜಿ ಕಲ್ಲಿದ್ದಲು, 120 ಕೆಜಿ ಸುಣ್ಣದ ಕಲ್ಲು ಉಳಿಯುತ್ತೆ, ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತೆ ಅಂತ ವಿಶ್ವ ಉಕ್ಕು ಸಂಘದವರ ಅಂದಾಜು. ಈಗ ನನ್ನ 86 ಕೆಜಿ ಹೋರಿ ತಗೊಳ್ಳಿ. ಅದು ಫರ್ನೇಸಿಗೆ ಹೋಗದೆ ನನ್ನ ಅಂಗಳದಲ್ಲಿ ನಿಂತಿರೋದರಿಂದ ಅಷ್ಟು ಉಕ್ಕಿಗೆ ಸುಮಾರು 120 ಕೆಜಿ ಹೊಸ ಅದಿರು ಅಗೆಯಬೇಕು, 64 ಕೆಜಿಯಷ್ಟು ಕಲ್ಲಿದ್ದಲು ಸುಡಬೇಕು. ಅದರ ಮೇಲೆ ನಾನು ಕುಲುಮೆಯಲ್ಲಿ ಸುಟ್ಟ ಇದ್ದಲು, ವೆಲ್ಡಿಂಗಿಗೆ ಎಳೆದ ಕರೆಂಟು ಬೇರೆ. ಅಂದರೆ ನಾನು ಪರಿಸರ ಉಳಿಸಿಲ್ಲ, ಸಾಲ ಮಾಡಿದ್ದೀನಿ. 86 ಕೆಜಿಯಿಂದ ಭೂಮಿ ಮುಳುಗಲ್ಲ ಬಿಡಿ, ಒಂದು ಹಳೇ ಸ್ಕೂಟರಿನ ತೂಕವೂ ಅಲ್ಲ. ಆದರೆ ಅದನ್ನು ಪರಿಸರ ಸೇವೆ ಅಂತ ಬೋರ್ಡು ಹಾಕೋದು ಸುಳ್ಳು. ಸುಳ್ಳು ಬೋರ್ಡಿನ ಕೆಳಗೆ ನನ್ನ ಹೋರಿ ನಿಲ್ಲೋದು ಬೇಡ.

ದೆಹಲಿಯಲ್ಲಿ 2019ರಲ್ಲಿ ಒಂದು ಉದ್ಯಾನ ತೆರೆದರು. ಸುಮಾರು 150 ಟನ್ ಗುಜರಿಯಿಂದ ಜಗತ್ತಿನ ಅದ್ಭುತಗಳ ಪ್ರತಿಕೃತಿ, ತಾಜ್ ಮಹಲು, ಐಫೆಲ್ ಗೋಪುರ ಎಲ್ಲ ಇದೆ. ಹೆಸರೇ ವೇಸ್ಟ್ ಟು ವಂಡರ್. ಅದರ ಯಶಸ್ಸಾದ ಮೇಲೆ ಊರೂರಿನಲ್ಲೂ ಸರ್ಕಲ್ಲಿಗೊಂದು ಗುಜರಿ ಸಿಂಹ, ಗುಜರಿ ಆನೆ ಬೇಕು ಅನ್ನೋ ಹುಮ್ಮಸ್ಸು. ಆ ಉದ್ಯಾನದ ಮೇಲೆ ನನಗೆ ದ್ವೇಷ ಇಲ್ಲ. ಅಷ್ಟು ಜನ ವೆಲ್ಡರುಗಳು ಅಷ್ಟು ದಿನ ಕೆಲಸ ಮಾಡಿದ್ದಾರಲ್ಲ, ಅದು ದೊಡ್ಡದೇ. ಆದರೆ ಹೆಸರಿನಲ್ಲಿ ಇರೋದು ಎರಡೇ: ಕಸ ಮತ್ತು ಅದ್ಭುತ. ನಡುವೆ ಇದ್ದ ಕೈ ಎಲ್ಲಿ ಹೋಯ್ತು? ಕಸ ತಾನಾಗೇ ಎದ್ದು ಅದ್ಭುತ ಆಗಿಬಿಡ್ತಾ?

ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. 1950ರಲ್ಲಿ ಹಳೇ ಬುಟ್ಟಿಯನ್ನು ಹೊಟ್ಟೆ ಮಾಡಿ ಒಂದು ಆಡು ಮಾಡಿದ. ಅದನ್ನು ಯಾರಾದ್ರೂ ಬುಟ್ಟಿಯ ಮರುಬಳಕೆ ಅಂತಾರಾ? ಅದೇ ಪಿಕಾಸೊಗೆ 1920ರ ದಶಕದ ಕೊನೆಯಲ್ಲಿ ಕಬ್ಬಿಣದಲ್ಲಿ ಏನಾದ್ರೂ ಮಾಡಬೇಕು ಅನ್ನಿಸಿದಾಗ, ಬಾರ್ಸಿಲೋನಾದ ಲೋಹಗೆಲಸದ ಮನೆತನದ ಹೂಲಿಯೋ ಗೊನ್ಸಾಲೆಸ್ ಹತ್ತಿರ ಹೋದ. ಬೆಂಕಿಯ ಕೆಲಸ ಗೊತ್ತಿದ್ದವನು ಗೊನ್ಸಾಲೆಸ್. ಇವತ್ತು ಕಲೆಯ ಪುಸ್ತಕಗಳಲ್ಲಿ ಇಬ್ಬರ ಹೆಸರೂ ಇದೆ.

ಈಗ ನನ್ನದೇ ಒಂದು ಕೊಳಕು ಕತೆ ಹೇಳಿಬಿಡ್ತೀನಿ, ಇಲ್ಲಾಂದ್ರೆ ಈ ಬರಹಕ್ಕೆ ಅರ್ಥ ಇರಲ್ಲ. ಕೆಲವು ವರ್ಷಗಳ ಹಿಂದೆ ಮೊದಲ ಹುಂಜ ಮಾಡಿದಾಗ ಒಂದು ಪತ್ರಿಕೆಯಲ್ಲಿ ಫೋಟೋ ಬಂತು. "ಕಸಕ್ಕೆ ಜೀವ ತುಂಬಿದ ಪರಿಸರ ಪ್ರೇಮಿ ಶಿಕ್ಷಕ" ಅಂತ. ನಾನು ಉಬ್ಬಿಹೋದೆ. ಹತ್ತು ಪ್ರತಿ ತಂದೆ. ಒಂದನ್ನು ಆಚಾರ್ರಿಗೂ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಪೂರ್ತಿ ಓದಿದರು, ಮಡಚಿದರು, "ಇದ್ರಲ್ಲಿ ನಾನೆಲ್ಲಿದೀನಿ ಮೇಷ್ಟ್ರೇ?" ಅಂದರು. ಸಿಟ್ಟಿನಿಂದ ಅಲ್ಲ, ನಿಜವಾಗ್ಲೂ ಹುಡುಕಿ ಸಿಗದೆ ಕೇಳಿದ ಹಾಗೆ. ಹುಂಜದ ಬಾಲದ ಒಂದೊಂದು ಗರಿಯನ್ನೂ ಕಾಯಿಸಿ ಬಗ್ಗಿಸಿದ್ದು ಅವರು. ವರದಿಗಾರರಿಗೆ ನಾನು ಅದನ್ನು ಹೇಳಿರಲಿಲ್ಲ. ಕೇಳಲಿಲ್ಲ, ಹೇಳಲಿಲ್ಲ, ಅಷ್ಟೇ. ಅವತ್ತು ನಾನೂ ಆ ಬೋರ್ಡಿನ ನೆರಳಲ್ಲೇ ನಿಂತಿದ್ದೆ, ಹಾಯಾಗಿ.

ಹೋರಿ ಮಾಡೋವಾಗ ಹಾಗಾಗಬಾರದು ಅಂತ ಮೊದಲ ದಿನವೇ ಕೂಲಿ ಮಾತಾಡಿದೆ. ದಿನಕ್ಕೆ 900. "ನಿಮ್ಮತ್ರ ಏನ್ ಕೂಲಿ ಮೇಷ್ಟ್ರೇ" ಅಂತ ಎರಡು ಸಲ ಅಂದರು, ಮೂರನೇ ಸಲ ತಗೊಂಡರು.

ಹಳ್ಳಿಕಾರ್ ಕೊಂಬು ನೋಡಿದ್ದೀರಲ್ಲ? ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ನೇರ ಹಿಂದಕ್ಕೆ ಹೋಗಿ, ಅರ್ಧದಲ್ಲಿ ಮುಂದಕ್ಕೆ ಬಾಗಿ ಚೂಪಾಗುತ್ತೆ. ಪೈಪು ಬಗ್ಗಿಸಿ ವೆಲ್ಡ್ ಮಾಡಿದರೆ ಅದು ಕೊಂಬಲ್ಲ, ನಲ್ಲಿ. ಅದಕ್ಕೆ ಒಂದು ಸವೆದ ಹಾರೆ ಹುಡುಕಿದೆವು. ಎರಡು ತುಂಡು ಮಾಡಿ, ಕುಲುಮೆಯಲ್ಲಿ ಕಿತ್ತಳೆ ಬಣ್ಣಕ್ಕೆ ಬರೋವರೆಗೂ ಕಾಯಿಸಿ, ಅಡಿಗಲ್ಲಿನ ಮೇಲೆ ಇಟ್ಟು ತುದಿ ಎಳೆಯಬೇಕು. ಒಂದು ಕಾವಿಗೆ ಹತ್ತು ಹನ್ನೆರಡು ಏಟು, ಅಷ್ಟರಲ್ಲಿ ಬಣ್ಣ ಇಳಿಯುತ್ತೆ, ಮತ್ತೆ ಬೆಂಕಿಗೆ. ಆಚಾರ್ರು ಚಿಕ್ಕ ಸುತ್ತಿಗೆಯಿಂದ ಎಲ್ಲಿ ಬೀಳಬೇಕು ಅಂತ ತೋರಿಸ್ತಾರೆ, ನಾನು ದೊಡ್ಡ ಸಮ್ಮಟಿಯಿಂದ ಅಲ್ಲಿಗೆ ಹೊಡೀಬೇಕು. ಮೊದಲ ಕೊಂಬು ಮುಗೀತಾ ಬಂದಿತ್ತು. ಇನ್ನೊಂದು ಏಟು ಅಂತ ಆಸೆಗೆ ಬಿದ್ದು, ಕೆಂಪು ಆರಿದ ಮೇಲೂ ಹೊಡೆದೆ. ತುದಿಯಿಂದ ನಾಲ್ಕು ಬೆರಳು ಕೆಳಗೆ ಕೂದಲೆಳೆಯಂಥ ಬಿರುಕು. ಆಚಾರ್ರು ಬೈಯಲಿಲ್ಲ. ಬಿರುಕಿನ ಮೇಲಿನ ತುದಿ ಕತ್ತರಿಸಿ ಹಾಕಿ ಮತ್ತೆ ಎಳೆಯೋಕೆ ಶುರು ಮಾಡಿದರು. ಎರಡನೇ ಕೊಂಬು ಇನ್ನೂ ಕಷ್ಟ, ಯಾಕಂದ್ರೆ ಅದು ಮೊದಲನೆಯದರ ಕನ್ನಡಿ ಆಗಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಬಿಸಿ ಕೊಂಬನ್ನು ಅದರ ಮೇಲೆ ಹಿಡಿದು ನೋಡೋದು, ತಿದ್ದೋದು. ಎರಡು ಕೊಂಬಿಗೆ ಮೂರು ಭಾನುವಾರ ಹಿಡಿಯಿತು.

ಗಂಗೆದೊಗಲು ಮಾಡಿದ್ದು ಬೈಕಿನ ಚೈನುಗಳಿಂದ, ಅದು ತಾನಾಗೇ ಜೋಲುತ್ತೆ. ಹೆಗಲಿಗೆ ಗುಳಗಳು. ಮಂಡಿಗೆ ಬೇರಿಂಗು. ಅದೆಲ್ಲ ನನ್ನ ಕೆಲಸ, ಬೇಗ ಆಯ್ತು.

ಒಟ್ಟು 23 ಭಾನುವಾರ. 110 ಕೆಜಿ ಮಾಲು, ಗುಜರಿಯವನು ನನಗೆ ಮಾರಿದ್ದು 40ರಂತೆ, 4,400 ರೂಪಾಯಿ. (ಅವನು ಕೊಳ್ಳೋ ರೇಟು ಬೇರೆ, ಮಾರೋ ರೇಟು ಬೇರೆ. ಉಳಿದ 24 ಕೆಜಿ ತುಂಡು ವಾಪಸ್ ಕೊಟ್ಟಾಗ 720 ಬಂತು.) ವೆಲ್ಡಿಂಗ್ ರಾಡು, ಗ್ರೈಂಡರ್ ಡಿಸ್ಕು 2,600. ಇದ್ದಲು 1,500. ಆಚಾರ್ರ ಒಂಬತ್ತು ದಿನದ ಕೂಲಿ 8,100. ನನ್ನದು ಸೊನ್ನೆ ಅಂತ ಇಟ್ಟುಕೊಂಡರೂ ಹದಿನಾರು ಸಾವಿರದ ಹತ್ತಿರ ಹೋಯಿತು. ಅದಕ್ಕೆ ಐದು ಸಾವಿರ, ರೌಂಡಾಗಿ.

ತಮಾಷೆ ಅಂದ್ರೆ, ಆಚಾರ್ರು ಐವತ್ತು ವರ್ಷದಿಂದ ಗುಜರಿಯಲ್ಲೇ ಕೆಲಸ ಮಾಡ್ತಿದ್ದಾರೆ. ನಮ್ಮ ಕಡೆ ಒಳ್ಳೆ ಮಚ್ಚು ಬೇಕು ಅಂದ್ರೆ ಲಾರಿಯ ಪಟ್ಟಾದಲ್ಲೇ ಮಾಡಬೇಕು. ಅದರಲ್ಲಿ ಇಂಗಾಲ ಹೆಚ್ಚು, ಹದ ನಿಲ್ಲುತ್ತೆ, ಬಾಯಿ ಬೇಗ ಮೊಂಡಾಗಲ್ಲ. ಮನೆ ಕಟ್ಟೋ ಕಂಬಿಯಲ್ಲಿ ಮಾಡಿದರೆ ಎಷ್ಟು ನೀರು ಕುಡಿಸಿದರೂ ಅಷ್ಟು ಗಟ್ಟಿಯಾಗಲ್ಲ. ಬೀಡು ಕಬ್ಬಿಣವನ್ನು ಕಾಯಿಸಿ ಬಡಿದರೆ ಪುಡಿಪುಡಿ. ಯಾವುದು ಯಾವುದು ಅಂತ ಗ್ರೈಂಡರಿಗೆ ಹಿಡಿದರೆ ಕಿಡಿಯಲ್ಲೇ ಗೊತ್ತಾಗುತ್ತೆ. ಮೆತು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತೆ, ಪಟ್ಟಾದ್ದು ತುದಿಯಲ್ಲಿ ಕವಲೊಡೆದು ಹೂಕುಂಡದ ಹಾಗೆ ಸಿಡಿಯುತ್ತೆ. ಗ್ರೈಂಡರ್ ಬರೋದಕ್ಕೆ ಮುಂಚೆ ಕಿವಿಯಲ್ಲೇ ಹೇಳ್ತಿದ್ದರಂತೆ, ತಟ್ಟಿ ಸದ್ದು ಕೇಳಿ. ನನಗೆ ಈಗಲೂ ಆಗಲ್ಲ. ಇಷ್ಟೆಲ್ಲ ಆರಿಸಿ ತೆಗೆಯೋದಕ್ಕೆ ಕಸ ಅಂತಾರೇನ್ರೀ? ಆ ಮಚ್ಚಿನ ಮೇಲೆ ಯಾವ ರೈತನಾದ್ರೂ "ಕಸದಿಂದ ರಸ" ಅಂತ ಚೀಟಿ ಅಂಟಿಸಿದ್ದು ಉಂಟಾ? ಬಾಯಿ ಸರಿಯಾಗಿದೆಯಾ ನೋಡ್ತಾನೆ, ದುಡ್ಡು ಕೊಡ್ತಾನೆ, ಹೋಗ್ತಾನೆ. ಛತ್ತೀಸಗಢದ ಬಸ್ತಾರಿನ ಕಮ್ಮಾರರೂ ಅಷ್ಟೇ. ಅವರು ಹಳೇ ಕಬ್ಬಿಣವನ್ನು ಕಾಯಿಸಿ ಬಡಿದು ಜಿಂಕೆ, ಹಕ್ಕಿ, ದೀಪ ಮಾಡ್ತಾರೆ. ಆ ಜಿಂಕೆಯ ಕಾಲಿನ ಸಣ್ಣ ಬಾಗು ನೋಡಿದವರಿಗೆ ಅದು ಯಾವ ಗುಜರಿ ಅನ್ನೋ ಪ್ರಶ್ನೆಯೇ ಹುಟ್ಟಲ್ಲ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ಹೇಳಿದ್ದು: "ಆದ್ರೂ ಮಕ್ಕಳಿಗೆ ಒಂದು ಸಂದೇಶ ಹೋಗುತ್ತಲ್ಲ ಸಾರ್, ಏನನ್ನೂ ಬಿಸಾಡಬಾರದು ಅಂತ." ಈ ಮಾತನ್ನು ತಳ್ಳಿಹಾಕೋಕೆ ನನಗೂ ಮನಸ್ಸಿಲ್ಲ. ನನ್ನ ಮಕ್ಕಳೇ (ಶಾಲೆಯವರು) ನನಗೆ ಬೇರಿಂಗು ಆರಿಸಿ ತಂದುಕೊಡ್ತಾರೆ. ಆದರೆ ಅವರಿಗೆ ಹೋಗ್ತಿರೋ ಸಂದೇಶ ಇನ್ನೊಂದಿದೆ: ಗುಜರಿ ಅಂದ್ರೆ ಪುಗಸಟ್ಟೆ, ನಿರುಪದ್ರವಿ, ಆಟದ ಸಾಮಾನು. ಇದು ಅಪಾಯ. ನಾನೇ ಒಂದು ಸಲ ಹಳೇ ಜಿಐ ಬಕೆಟ್ಟಿನ ತಗಡನ್ನು ಸತು ಕೆರೆಯದೆ ವೆಲ್ಡ್ ಮಾಡಿ, ಸಂಜೆ ಹೊತ್ತಿಗೆ ನಡುಗುವ ಜ್ವರ ಬಂದು ಎರಡು ಕಂಬಳಿ ಹೊದ್ದು ಮಲಗಿದ್ದೆ. ಬೆಳಗ್ಗೆ ಹೊತ್ತಿಗೆ ಇಳಿಯಿತು, ನನ್ನ ಪುಣ್ಯ. ಬೈಕಿನ ಶಾಕ್ ಅಬ್ಸಾರ್ಬರನ್ನು ತೂತು ಮಾಡದೆ ಕುಲುಮೆಗೆ ಹಾಕಿದರೆ ಬಾಂಬಿನ ಹಾಗೆ ಸಿಡಿಯಬಹುದು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಳೇ ಯಂತ್ರವೊಂದು ಹರಾಜಿನಲ್ಲಿ ಬಂತು. ಅದರೊಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ವಿಕಿರಣ ತಗುಲಿ ಒಬ್ಬ ಕೆಲಸಗಾರ ಸತ್ತ. ಎಲ್ಲೋ ಓದಿದವರು ಬರೀ "ಹಳೇ ಸಾಮಾನು" ಅಂತ ಬರೆದು ಕೈತೊಳೆದುಕೊಂಡದ್ದನ್ನು ಬರಿಗೈಯಲ್ಲಿ ಬಿಚ್ಚೋವನು ಇನ್ನೊಬ್ಬ.

ಇನ್ನೊಂದು ವಾದ ನನ್ನ ಹಾಗೇ ಮಾಡೋ ಗೆಳೆಯರದ್ದು. "ಪರಿಸರ ಅಂತ ಹೇಳಿದ್ರೆ ಮಾತ್ರ ದುಡ್ಡು ಹುಟ್ಟುತ್ತೆ ಕಣೋ, ಬರೀ ಶಿಲ್ಪ ಅಂದ್ರೆ ಯಾರು ಕೊಡ್ತಾರೆ?" ಇದು ಪ್ರಾಮಾಣಿಕ ಮಾತು, ಅದಕ್ಕೇ ಇದಕ್ಕೆ ಉತ್ತರ ಕೊಡೋದು ಕಷ್ಟ. ಹುಟ್ಟುತ್ತೆ, ಒಪ್ಪಿದೆ. ಆದರೆ ಎಷ್ಟು ಹುಟ್ಟುತ್ತೆ, ಎಷ್ಟು ದಿನ ಇರುತ್ತೆ? ಉದ್ಘಾಟನೆ ದಿನ ರಿಬ್ಬನ್ನಿಗೆ ದುಡ್ಡಿರುತ್ತೆ. ಮೂರು ಮಳೆಗಾಲ ಕಳೆದ ಮೇಲೆ ತುಕ್ಕು ಉಜ್ಜಿ ವಾರ್ನಿಷ್ ಬಳಿಯೋಕೆ ಇರಲ್ಲ. ಕಸಕ್ಕೆ ಯಾರ್ರೀ ವರ್ಷ ವರ್ಷ ವಾರ್ನಿಷ್ ಬಳೀತಾರೆ? ನಾನು ಮಾಡಿದ ಮೊದಲ ಹುಂಜವನ್ನು ಪುಕ್ಕಟೆ ತಗೊಂಡು ಹೋದವರ ಅಂಗಳದಲ್ಲಿ ಅದು ಈಗ ಒಂದು ರೆಕ್ಕೆ ಉದುರಿಸಿಕೊಂಡು ಗೋಡೆಗೆ ಒರಗಿದೆ. ಪಕ್ಕದಲ್ಲೇ ಇರೋ ಸಿಮೆಂಟಿನ ಬಾತುಕೋಳಿಗೆ ಮಾತ್ರ ಪ್ರತಿ ವರ್ಷ ಬಣ್ಣ. ಅದನ್ನು ದುಡ್ಡು ಕೊಟ್ಟು ತಂದಿದ್ದರು.

ನಮ್ಮ ಜನಕ್ಕೆ ಉಕ್ಕಿನ ಹೆಮ್ಮೆ ಇಲ್ಲ ಅಂತಲ್ಲ. ಇಂಗ್ಲಿಷಿನ ವೂಟ್ಜ್ ಅನ್ನೋ ಪದ ಕನ್ನಡದ ಉಕ್ಕು ಪದದಿಂದಲೇ ಬಂದಿರಬೇಕು ಅಂತ ಭಾಷಣ ಹೊಡೀತೀವಿ, ಫ್ಯಾರಡೆಯಂಥ ಫ್ಯಾರಡೆ ಅದರ ಮೇಲೆ ಪ್ರಯೋಗ ಮಾಡಿದ ಅಂತ ನಾನೇ ಕ್ಲಾಸಿನಲ್ಲಿ ಎದೆಯುಬ್ಬಿಸಿ ಹೇಳ್ತೀನಿ. 2018ರಲ್ಲಿ ನಗರದ ಹತ್ತಿರ ಬಾವಿಯಿಂದ ಟಿಪ್ಪು ಕಾಲದ್ದು ಅನ್ನುವ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಾಗ ಎಷ್ಟು ಸಂಭ್ರಮ ಪಟ್ಟೆವು. ಆ ಕೊಳವೆಗಳನ್ನು ಬಡಿದು ಸುತ್ತಿದವರ ಕಸುಬನ್ನೇ ಮಾಡ್ತಾ ಇರೋ ಮನುಷ್ಯ ಸಂತೆ ಮಾಳದ ಹಿಂದೆ ಕೂತಿದ್ದಾರೆ. ಅವರ ಮಗ ಕುಲುಮೆ ಬಿಟ್ಟು ಹಾಸನದಲ್ಲಿ ಕಿಟಕಿ ಗ್ರಿಲ್ ವೆಲ್ಡ್ ಮಾಡ್ತಾನೆ. ತಪ್ಪು ಅಂತ ನಾನು ಹೇಳಲ್ಲ, ಅಲ್ಲಿ ತಿಂಗಳಿಗೆ ಸಂಬಳ ಬರುತ್ತೆ.

ಅವತ್ತು ಆ ಇಬ್ಬರಿಗೆ ನಾನು ಹೇಳಿದ್ದು ಇಷ್ಟು. ಹೋರಿಯ ಬೆಲೆ ನಲವತ್ತು ಸಾವಿರ. ವರ್ಷಕ್ಕೊಮ್ಮೆ ನಾವೇ ಬಂದು ತುಕ್ಕು ನೋಡ್ತೀವಿ, ಅದಕ್ಕೆ ಬೇರೆ ದುಡ್ಡು. ಬೋರ್ಡು ಹಾಕೋದಾದ್ರೆ ಹಳ್ಳಿಕಾರ್ ಹೋರಿ ಅಂತ ಬರೆದು, ಕೆಳಗೆ ಇಬ್ಬರ ಹೆಸರು ಬರೀಬೇಕು, ಆಚಾರ್ರದ್ದು ಮೊದಲು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಕಮಿಟಿಯಲ್ಲಿ ಕೇಳಿ ಹೇಳ್ತೀವಿ" ಅಂದರು. ಇವತ್ತಿಗೆ ಎಂಟು ದಿನ, ಫೋನ್ ಬಂದಿಲ್ಲ. ಬರುತ್ತೆ ಅಂತಲೂ ಅನ್ಸಲ್ಲ.

ಅವರು ಹೋದ ಮೇಲೆ ಆಚಾರ್ರು ಬೀಡಿ ಆರಿಸಿ, "ನಲ್ವತ್ತು ಜಾಸ್ತಿ ಆಯ್ತೇನೋ ಮೇಷ್ಟ್ರೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಡಗೊಂಬು ಒಂಚೂರು ಹೊರಕ್ಕೆ ಹೋಗೈತೆ, ಯಾರಿಗೂ ಕಾಣಲ್ಲ" ಅಂತ ಸೇರಿಸಿದರು. ನನಗೂ ಕಂಡಿರಲಿಲ್ಲ. ಈಗ ಅದೊಂದೇ ಕಾಣ್ತಿದೆ :-)

ನಿಮ್ಮಲ್ಲಿ ಯಾರಿಗಾದ್ರೂ ಕುಲುಮೆ ನೋಡಬೇಕು, ಸುತ್ತಿಗೆ ಹಿಡಿಯಬೇಕು ಅಂತ ಆಸೆ ಇದ್ದರೆ ಭಾನುವಾರ ಬೆಳಗ್ಗೆ ಏಳರೊಳಗೆ ಬನ್ನಿ, ಬಿಸಿಲೇರಿದ ಮೇಲೆ ಬೆಂಕಿಯ ಹತ್ತಿರ ನಿಲ್ಲೋಕಾಗಲ್ಲ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ಚಪ್ಪಲಿ ಬೇಡ, ಶೂ ಇರಲಿ. ಇದ್ದಲು ನೀವೇ ತರಬೇಕು. ಆಚಾರ್ರ ಅರ್ಧ ದಿನದ ಕೂಲಿ 450, ಅದನ್ನು ಅವರ ಕೈಗೇ ಕೊಡಿ.